ಬೆಳಗಿನ ಮೊದಲ ಹಾಳೆ

ರೂವಿಯ ಗಡಿಯಾರ ಗೋಪುರದ ಹಿಂದಿನ ಓಣಿಯಲ್ಲಿ
ಎದೆಯ ಚಿತ್ರ ತೆಗೆಯುವುದು ನನ್ನ ಕೆಲಸ.
ವೀಸಾಕ್ಕೆ ಎದೆಯೂ ಬೇಕು. ಮುಖ ಬೇರೆಯವರು ತೆಗೆಯುತ್ತಾರೆ.

ಅಂಗಿ ಬಿಚ್ಚಿ, ತಾಯತ ತೆಗೆದಿಡಿ, ಗಲ್ಲ ಮೇಲೆ,
ಉಸಿರು ಎಳೆಯಿರಿ, ಹಿಡಿಯಿರಿ.
ಐದು ಭಾಷೆಗಳಲ್ಲಿ ನನಗೆ ಇಷ್ಟೇ ಗೊತ್ತು.
ಹುಸೇನಬ್ಬನಿಗೆ ಕನ್ನಡದಲ್ಲೇ ಹೇಳಿದೆ. ನಕ್ಕ:
"ನೇತ್ರಾವತಿಯಲ್ಲಿ ಮುಳುಗಿ ಹೊಯಿಗೆ ತೆಗೆದವನು ನಾನು, ಬಾಯಮ್ಮಾ.
ಹಿಡಿಯುವುದನ್ನು ನನಗೆ ಕಲಿಸಬೇಡಿ.
ಬಿಡುವುದು ಯಾವಾಗ, ಅದನ್ನು ಹೇಳಿ."

ಆ ವರ್ಷ ಹಳೆಯ ಫಿಲ್ಮ್ ಡಬ್ಬಿಯ ಕಬ್ಬಿಣವನ್ನು ತುಕ್ಕು ತಿಂದಿತ್ತು.
ಮಿಸ್ತ್ರಿ ಗುಲ್ ನವಾಜ್ ಒಂದು ಪೆಟ್ಟಿಗೆ ಮಾಡಿಕೊಟ್ಟ,
ಸ್ವೀಡನ್ನಿನಿಂದ ಪಂಪು ಹೊತ್ತು ಬಂದ ಕ್ರೇಟಿನ ಪೈನ್ ಹಲಗೆ,
ಉಜ್ಜುಗೊರಡು ಹಾಕಿ ಬೆಣ್ಣೆ ಮಾಡಿದ್ದ.
ಬೆಳಕಿನ ಒಂದು ಎಳೆ ಒಳಗೆ ಹೋದರೆ ಕೂಲಿ ವಾಪಸ್, ಅಂದ.
ಹೋಗಲಿಲ್ಲ. ಅವನ ಮಾತು ಇವತ್ತಿಗೂ ಸುಳ್ಳಲ್ಲ.
ಡಾರ್ಕ್‌ರೂಮಿನ ಹುಳಿ ವಾಸನೆಯನ್ನು ಹಿಂದೆ ತಳ್ಳಿ
ನಾನು ಕಂಡಿರದ ಒಂದು ಚಳಿಯ ಕಾಡು ಬಂದು ನಿಂತಿತು.
ಮೂಗು ತುಂಬ ಎಳೆದುಕೊಂಡೆ. ಖುಷಿಯಾಗಿತ್ತು.

ಮಾರ್ಚಿನಿಂದ ಜೂನಿಗೆ ಮೂವರು.
ಕಾವಲಿನ ಗುರುಂಗ್, ಎಡಗಡೆ.
ಆಯಾ ಕೆಲಸಕ್ಕೆ ಬಂದ ಸೋಮಾವತಿ, ಬಲಗಡೆ.
ಹುಸೇನಬ್ಬ, ಮತ್ತೆ ಎಡಗಡೆ.
ಕೊರಳೆಲುಬಿನ ಕೆಳಗೆ ಮಸುಕು, ಮಸುಕಿನಲ್ಲೊಂದು ಸುತ್ತು.
ಡಾಕ್ಟರು ಪೆನ್ನಿನ ಹಿಂತುದಿಯಿಂದ ಅದರ ಸುತ್ತ ಇನ್ನೊಂದು ಸುತ್ತು ಬರೆದು
ಕ್ಷಯ, ಅಂದರು.
ಕಫ ನೋಡೋಣವೇ ಎಂದರೆ
ಕಂಪನಿ ಅಷ್ಟು ದಿನ ಕಾಯುವುದಿಲ್ಲ.
ಅನ್‌ಫಿಟ್. ನೇರಳೆ ಶಾಯಿಯ ಮೊಹರು.
ಹುಸೇನಬ್ಬ ಫಿಲ್ಮನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದ, ತುಂಬಾ ಹೊತ್ತು.
"ಹೊಯಿಗೆ ಹೋಗಿರಬೇಕು ಒಳಗೆ," ಅಂದ.

ಮೂವರೂ ಸಾಲಿನ ಮುಂದೆ ನಿಲ್ಲಲು
ನಾಲ್ಕು ಗಂಟೆಗೇ ಎದ್ದು ಬಂದವರು.
ಇದು ನನಗೆ ಹೊಳೆದದ್ದು ಆಗಸ್ಟಿನಲ್ಲಿ,

ಯಂತ್ರ ಕೆಟ್ಟು ಕೂತ ಒಂದು ಬೆಳಿಗ್ಗೆ.
ಡೆವಲಪರ್ ಸತ್ತಿದೆಯೋ ನೋಡೋಣವೆಂದು
ಪೆಟ್ಟಿಗೆಯ ಮೊದಲ ಹಾಳೆಯನ್ನು
ಯಾರ ಎದೆಗೂ ಹಿಡಿಯದೆ ಸೀದಾ ಅದ್ದಿದೆ.
ಕೆಂಪು ದೀಪದ ಕೆಳಗೆ ಎದ್ದು ಬಂತು
ಮಸುಕು. ಮಸುಕಿನಲ್ಲೊಂದು ಸುತ್ತು.
ಪಕ್ಕೆಲುಬಿಲ್ಲ, ಹೃದಯವಿಲ್ಲ, ಹೆಸರಿನ ಚೀಟಿಯಿಲ್ಲ.
ಕೈ ಒರೆಸಿಕೊಂಡು ಪೆಟ್ಟಿಗೆಯೊಳಗೆ ಬೆರಳಾಡಿಸಿದೆ.
ರಾತ್ರಿಯೆಲ್ಲ ಮೊದಲ ಹಾಳೆ ಒರಗಿ ನಿಲ್ಲುವ ಕಡೆ
ಹಲಗೆಯಲ್ಲೊಂದು ಗಂಟು.

ಔಷಧಿ ಕೋಣೆಯ ನಬೀಲ್ ಹೇಳಿದ:
ರಾಳ ಗಾಳಿಗೆ ಒಣಗುವಾಗ ಪೆರಾಕ್ಸೈಡ್ ಬಿಡುತ್ತದೆ,
ನೀನು ಗಾಯ ತೊಳೆಯುತ್ತೀಯಲ್ಲ, ಅದೇ, ಚೂರೇ ಚೂರು.
ನಾನು ನಂಬಲಿಲ್ಲ. ಕತ್ತಲ ಡ್ರಾಯರಿನಲ್ಲಿ
ಒಂದೊಂದೇ ಫಿಲ್ಮಿನ ಮೇಲೆ ಒಂದೊಂದು ಇಟ್ಟು ಮಲಗಿದೆ.
ಟರ್ಪೆಂಟೈನ್ ಹನಿ: ಮಸಿ ಚೆಲ್ಲಿದ ಹಾಗೆ.
ಅಗಸೆ ಎಣ್ಣೆಯೂ ಹಾಗೇ.
ಆ ದಿನದ ಪತ್ರಿಕೆ: ಹಡಗುಗಳ ವೇಳಾಪಟ್ಟಿ, ತಿರುಗುಮುರುಗು.
ತಲೆಗೆ ಹಚ್ಚುವ ತೆಂಗಿನೆಣ್ಣೆ ಏನನ್ನೂ ಹೇಳಲಿಲ್ಲ.
ಪೆಟ್ಟಿಗೆಗೆ ಒಳಗಿನಿಂದ ಸತುವಿನ ತಗಡು ಹೊಡೆಸಿ, ಅಂದರು ಡಾಕ್ಟರು.
ಮರಳುಕಾಗದದಲ್ಲಿ ಉಜ್ಜಿದ ತಗಡಿನ ಚೂರನ್ನೂ ಇಟ್ಟು ನೋಡಿದೆ.
ಅದಕ್ಕೂ ಬಾಯಿ ಇತ್ತು.

ಮುಚ್ಚಿದ ಕಡತ ತೆರೆಯುವುದಿಲ್ಲವಂತೆ.
ಎಕ್ಸ್‌ರೇ, ಮಡಚಬಾರದು ಎಂದು ಬರೆದು
ಎದೆಯಿಲ್ಲದ ಆ ಫಿಲ್ಮನ್ನು ಉಳ್ಳಾಲಕ್ಕೆ ಕಳಿಸಿದೆ.
ಜೊತೆಗೊಂದು ಚೀಟಿ:
ಹೊಯಿಗೆ ಅಲ್ಲ ಮಾರಾಯ, ಮರ.
ಸುತ್ತುಗಳನ್ನು ಎಣಿಸಿದ್ದೇನೆ, ಹದಿನೇಳು. ನೀನೂ ಎಣಿಸಿ ನೋಡು.
ಉಸಿರು ಬಿಡು ಎಂದು ಆ ದಿನ ಹೇಳಿದೆನೋ ಇಲ್ಲವೋ
ನನಗೆ ನೆನಪಿಲ್ಲ.

ಉತ್ತರ ಬರಲಿಲ್ಲ. ಗುಲ್ ನವಾಜ್ ಬಂದ,
ತನ್ನ ಪೆಟ್ಟಿಗೆ ಹೊರಗೆ ಬಿಸಿಲಿನಲ್ಲಿ ಬಿದ್ದಿರುವುದನ್ನು ನೋಡಿ
ಬಾಗಿಲಲ್ಲೇ ನಿಂತ. "ಬೆಳಕು ಹೋಯಿತೇ?"
ಇಲ್ಲ, ಅಂದೆ. ಒಂದು ಎಳೆಯೂ ಹೋಗಿಲ್ಲ.
ಅವನಿಗೆ ಸಮಾಧಾನವಾಯಿತು. ಕೂತು ಚಹಾ ಕುಡಿದ.